ಮನೆವಾರ್ತೆ: ಉಣಲೊಲ್ಲದ ಮರಿಹಾವು

ಈ ಅಂಕಣಕ್ಕೆ ಹಸು, ಕರು, ನಾಯಿ, ಬೆಕ್ಕುಗಳ ವಿಷಯವಾಗಿ ಪತ್ರಗಳು ಬರುವುದು ವಾಡಿಕೆ. ಈ ತಿಂಗಳು ಹಾವಿನ ವಿಷಯವಾಗಿ ಒಂದು ಪತ್ರ ಬಂದಿದೆ. ಹಾವೆಂಬ ಮಾತನ್ನು ಕಂಡೊಡನೆಯೇ ಪುಟವನ್ನು ಮಗುಚಿಬಿಡಬಾರದೆಂದು ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ. ಬರೆದವರು ಅಮೆರಿಕಾದ ಟೆಕ್ಸಾಸ್ ಪ್ರಾಂತ್ಯದಲ್ಲಿ ಸಂಸಾರ ಹೂಡಿರುವ ಕನ್ನಡ ಸೋದರಿಯೊಬ್ಬರು. ನಮ್ಮಲ್ಲಿ ಮೊಲ ಸಾಕುವಂತೆ ಆ ದೇಶದಲ್ಲಿ ಅನೇಕರು ಹಾವನ್ನು ಸಾಕುವರು. ಈ ಸೋದರಿಯ ಹನ್ನೊಂದು ವರ್ಷದ ಮಗನು ಬಹುಕಾಲ ಬೇಡಿ ಕಾಡಿ, ಕೊನೆಗೆ ಹುಟ್ಟುಹಬ್ಬದ ನೆಪದಲ್ಲಿ ‘ಬಾಲ್ ಪೈಥಾನ್’ ಎಂಬ ಜಾತಿಯ ಎಳೆಯ ಹೆಬ್ಬಾವೊಂದನ್ನು ತರಿಸಿಕೊಂಡಿರುವನು. ತಂದು ಐದು ವಾರಗಳಾದುವು. ಅದು ಒಂದು ತುತ್ತನ್ನೂ ಮುಟ್ಟಿಲ್ಲ. ತಂದ ದಿನ 68 ಗ್ರಾಂ ಇದ್ದ ತೂಕ ಈಗ 64ಕ್ಕೆ ಇಳಿದಿದೆ. ಹುಡುಗನು ದಿನವೂ ಸಂಜೆ ಸತ್ತ ಇಲಿಮರಿಯೊಂದನ್ನು ಅದರ ಮೂತಿಯ ಬಳಿ ಹಿಡಿಯುತ್ತಾನೆ. ಅದು ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಸುರುಳಿಯಾಗುತ್ತದೆ. ಹುಡುಗನು ತಾನೂ ಸರಿಯಾಗಿ ಉಣ್ಣುತ್ತಿಲ್ಲವಂತೆ. ಊರಿನಿಂದ ಹೋಗಿರುವ ಅತ್ತೆಯವರು ಹಾಲಿಟ್ಟು ನೋಡೋಣವೆನ್ನುತ್ತಾರೆ. ಯಜಮಾನರು ಬಾಯಿ ಬಿಡಿಸಿ ತುರುಕೋಣವೆನ್ನುತ್ತಾರೆ. ಯಾರ ಮಾತು ಸರಿ ಎಂಬುದು ಸೋದರಿಯವರ ಪ್ರಶ್ನೆ.

ಇಬ್ಬರದೂ ಸರಿಯಲ್ಲವೆಂದು ಮೊದಲೇ ಹೇಳಿಬಿಡುವುದು ಮೇಲು. ಹಾಲು ಮೊಲೆಯೂಡುವ ಪ್ರಾಣಿಗಳ ಮರಿಗಳಿಗೆ ಸೃಷ್ಟಿಯಾದ ಆಹಾರ. ಹಾವಿನ ಕುಲದಲ್ಲಿ ಹಾಲೆಂಬುದೇ ಇಲ್ಲ. ಅದನ್ನು ಅರಗಿಸಿಕೊಳ್ಳುವ ಶಕ್ತಿಯೂ ಅದರ ಹೊಟ್ಟೆಗಿಲ್ಲ. ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿದುದನ್ನು ಕಣ್ಣಾರೆ ಕಂಡಿದ್ದೇವೆಂದು ಹಿರಿಯರು ಹೇಳಬಹುದು. ಅನೇಕ ದಿನ ನೀರಿಲ್ಲದೆ ಬಾಯಾರಿಸಿ ತಂದ ಹಾವು ಎದುರಿಗೆ ಕಂಡ ದ್ರವವನ್ನು ನೀರೆಂದು ಹೀರುವುದೇ ಹೊರತು ಅದು ಹಾಲಿನ ಮೇಲಣ ಪ್ರೀತಿಯಲ್ಲ. ಹಾಗೆ ಕುಡಿದ ಹಾವುಗಳಲ್ಲಿ ಎಷ್ಟೋ ಬಳಿಕ ಸಾಯುವುವು. ಅತ್ತೆಯವರ ಮನಸ್ಸಿನಲ್ಲಿರುವುದು ಕರುಣೆ. ಆ ಕರುಣೆಯು ಒಂದು ತಟ್ಟೆ ಶುದ್ಧವಾದ ನೀರಿನ ರೂಪವನ್ನು ತಾಳಿದರೆ ಸಾಕು.

ಬಾಯಿ ಬಿಡಿಸಿ ತುರುಕುವುದಾದರೋ ಇನ್ನೂ ಅಪಾಯಕರ. ಬೆರಳು ಗಾತ್ರದ ಆ ಮರಿಯ ದವಡೆಯ ಎಲುಬುಗಳು ಬಲು ನವುರು. ಗಂಟಲಿನ ಒಳಚರ್ಮವು ಇನ್ನೂ ನವುರು. ಗಾಯವಾದರೆ ಕೀವು ಕಟ್ಟುವುದು. ಗಾಯವಾಗದಿದ್ದರೂ ಆಹಾರವೆಂದರೆ ಹಿಂಸೆ ಎಂಬ ಭಾವನೆ ಆ ಪ್ರಾಣಿಗೆ ಬೇರೂರಿ, ಉಣ್ಣುವ ದಿನ ಮತ್ತಷ್ಟು ದೂರ ಹೋಗುವುದು. ಬಲವಂತದಿಂದ ಉಣಿಸುವ ಕ್ರಮವೂ ಉಂಟು. ಅದು ಪಶುವೈದ್ಯರು ಕಟ್ಟಕಡೆಗೆ ಮಾಡತಕ್ಕ ಕೆಲಸ, ಗೃಹಸ್ಥರು ಮಾಡತಕ್ಕದ್ದಲ್ಲ.

ಹಾಗಾದರೆ ಮರಿಯು ಉಣ್ಣದಿರುವುದೇಕೆ? ಇದನ್ನು ತಿಳಿಯಬೇಕಾದರೆ ಅದರ ಹುಟ್ಟೂರನ್ನು ಸ್ವಲ್ಪ ನೋಡಬೇಕು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೀವಿ. ಘಾನಾ, ಟೋಗೋ, ಬೆನಿನ್ ದೇಶಗಳ ಹುಲ್ಲುಗಾವಲುಗಳಲ್ಲಿಯೂ ಹೊಲಗಳಲ್ಲಿಯೂ ಹೇರಳವಾಗಿದೆ. ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಾಗುವುದರಿಂದ ಅಮೆರಿಕಾದವರು ಅದಕ್ಕೆ ಚೆಂಡಿನ ಹೆಸರನ್ನಿಟ್ಟರು. ಇಂಗ್ಲೆಂಡಿನವರು ‘ರಾಯಲ್ ಪೈಥಾನ್’ ಎಂದು ರಾಜಪದವಿಯನ್ನೇ ಕೊಟ್ಟಿರುವರು. ವಿಷವಿಲ್ಲ. ಹೆಬ್ಬಾವುಗಳ ವಂಶದಲ್ಲಿ ಇದು ಚಿಕ್ಕದು. ಬೆಳೆದರೆ ಸಾಧಾರಣವಾಗಿ ನಾಲ್ಕೈದು ಅಡಿ. ಹಗಲೆಲ್ಲ ಇಲಿಯ ಬಿಲಗಳಲ್ಲಿಯೂ ಗೆದ್ದಲ ಹುತ್ತಗಳಲ್ಲಿಯೂ ಅಡಗಿದ್ದು, ಕತ್ತಲೆಯಾದ ಮೇಲೆ ಹೊರಡುವುದು. ಹುತ್ತಕ್ಕೂ ಹಾವಿಗೂ ಇರುವ ನಂಟನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದಾಚೆಯ ಆಫ್ರಿಕಾದಲ್ಲಿಯೂ ಅದೇ ನಂಟು ಇರುವುದನ್ನು ಓದಿದಾಗ ನಮಗೆ ಸಂತೋಷವೇ ಆಯಿತು.

ತಾಯಿಹಾವು ಆರೇಳು ಮೊಟ್ಟೆಗಳನ್ನಿಟ್ಟು, ಅವನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಕಾಯುವುದು. ಆ ಅವಧಿಯಲ್ಲಿ ಅದು ಪ್ರಾಯಶಃ ಏನನ್ನೂ ತಿನ್ನುವುದಿಲ್ಲ. ಮೊಟ್ಟೆ ಒಡೆದ ಬಳಿಕ ಮರಿಗಳ ಪಾಲಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ಮೊದಲ ಒಂದೆರಡು ವಾರ, ಮೊದಲನೆಯ ಪೊರೆ ಕಳಚುವವರೆಗೆ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅವಕ್ಕೆ ಆಹಾರ. ಆಮೇಲೆ ಬೇಟೆಯಾಡಬೇಕು, ಬೇಟೆಯಾಡುತ್ತಲೇ ತಾನೊಂದು ಹದ್ದಿಗೋ ಮುಂಗುಸಿಗೋ ಬೇಟೆಯಾಗದಂತೆಯೂ ನೋಡಿಕೊಳ್ಳಬೇಕು. ಬಾಯಿ ತುಂಬ ಇಲಿಯನ್ನು ಹಿಡಿದಿರುವ ಹಾವು ಓಡಲಾರದು, ಕಚ್ಚಲಾರದು. ಆದುದರಿಂದ ಸುತ್ತಲೂ ಕ್ಷೇಮವೆಂದು ತೋರಿದ ಹೊರತು ಮರಿಯು ಬಾಯಿ ತೆರೆಯುವುದಿಲ್ಲ. ಅದು ಹಟವಲ್ಲ, ಪ್ರಾಣಭಯ.

ಈಗ ಆ ಟೆಕ್ಸಾಸಿನ ಮನೆಯ ಏರ್ಪಾಡನ್ನು ನೋಡಿರಿ. ಸೋದರಿಯವರು ಬರೆದಿರುವಂತೆ, ಹಾವಿರುವುದು ನಡುಮನೆಯಲ್ಲಿ, ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ. ನಾಲ್ಕು ಕಡೆಯಿಂದಲೂ ಬೆಳಕು. ಒಳಗೆ ಒಂದು ಮರದ ಕೊಂಬೆ, ಒಂದು ನೀರಿನ ಬಟ್ಟಲು. ಶಾಲೆ ಬಿಟ್ಟೊಡನೆ ನೆರೆಹೊರೆಯ ಹುಡುಗರು ಬಂದು ಒಬ್ಬರಾದ ಮೇಲೊಬ್ಬರು ಅದನ್ನು ಕೈಗೆ ತೆಗೆದುಕೊಳ್ಳುವರು. ಅದಾದ ಅರ್ಧ ಗಂಟೆಗೆ ಊಟದ ಪ್ರಯತ್ನ. ಹೊಸದಾಗಿ ಅತ್ತೆಯ ಮನೆಗೆ ಬಂದ ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿ, ಬಂದವರೆಲ್ಲರೂ ಗಲ್ಲ ಹಿಡಿದು ನೋಡಿ, ಬಳಿಕ “ಏಕಮ್ಮಾ ಉಣ್ಣಲೊಲ್ಲೆ?” ಎಂದು ಕೇಳಿದಂತಾಯಿತು.

ಮೊದಲು ಆ ಮರಿಗೆ ಒಂದು ಹುತ್ತವನ್ನು ಕಟ್ಟಿಕೊಡಬೇಕು. ಪೆಟ್ಟಿಗೆಯನ್ನು ಜನ ಓಡಾಡದ ಕೋಣೆಗೆ ಸಾಗಿಸಿ, ಮೂರು ಮಗ್ಗುಲಿಗೆ ಕಪ್ಪು ಕಾಗದ ಅಂಟಿಸಿರಿ. ಒಳಗೆ ಅಡಗುದಾಣಗಳು ಎರಡಿರಬೇಕು. ಬೆಚ್ಚಗಿನ ಕಡೆಗೊಂದು, ತಂಪಿನ ಕಡೆಗೊಂದು. ಒಂದೇ ಇದ್ದರೆ ಮರಿಯು ಮರೆಗಾಗಿ ಕಾವನ್ನೋ ಕಾವಿಗಾಗಿ ಮರೆಯನ್ನೋ ಬಿಡಬೇಕಾಗುವುದು. ದುಬಾರಿಯ ಗುಹೆಗಳನ್ನು ಕೊಳ್ಳುವ ಆವಶ್ಯಕತೆಯಿಲ್ಲ. ಅಂಚಿನಲ್ಲಿ ಸಣ್ಣ ಬಾಗಿಲನ್ನು ಒಡೆದು ನಯಮಾಡಿದ ಮಣ್ಣಿನ ಹೂಕುಂಡವನ್ನು ಬೋರಲು ಹಾಕಿದರೆ ಆಯಿತು. ಆದರೆ ಅಳತೆ ಮುಖ್ಯ. ಸುರುಳಿಯಾದ ಹಾವಿನ ಬೆನ್ನಿಗೂ ಪಕ್ಕಗಳಿಗೂ ಗೋಡೆ ತಾಗುವಷ್ಟು ಇಕ್ಕಟ್ಟಿರಬೇಕು. ನಮಗೆ ವಿಶಾಲವಾದ ಮನೆ ಸುಖ. ಅದಕ್ಕೆ ಇಕ್ಕಟ್ಟೇ ಸುಖ. ಉಳಿದ ಬಯಲು ಜಾಗದಲ್ಲಿ ಒಣ ಎಲೆ, ತೊಗಟೆಯ ಚೂರು, ಕಾಗದದ ಉಂಡೆಗಳನ್ನು ಹರಡಿದರೆ ಒಂದು ಗೂಡಿನಿಂದ ಇನ್ನೊಂದಕ್ಕೆ ಮರೆಯಲ್ಲಿಯೇ ಹೋಗಿಬರಬಹುದು.

ಎರಡನೆಯದು ಕಾವು. ಹಾವಿನ ಮೈಯಲ್ಲಿ ನಮ್ಮಂತೆ ಸ್ವಂತದ ಬಿಸಿಯಿಲ್ಲ. ಸುತ್ತಣ ಬಿಸಿಯೇ ಅದರ ಜಠರಾಗ್ನಿ. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಂಟಿಗ್ರೇಡ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಇದಕ್ಕಿಂತ ತಣ್ಣಗಿದ್ದರೆ ಹಸಿವು ಹುಟ್ಟುವುದಿಲ್ಲ. ಹೇಗೋ ನುಂಗಿದರೂ ಇಲಿಯು ಅರಗದೆ ಹೊಟ್ಟೆಯಲ್ಲಿಯೇ ಕೊಳೆತು ಹಾವು ಕಾರಿಕೊಳ್ಳುವುದು. ಕೈಯಿಂದ ಮುಟ್ಟಿ “ಬೆಚ್ಚಗಿದೆ” ಎಂದುಕೊಂಡರೆ ಸಾಲದು. ಎರಡು ತುದಿಗೂ ಉಷ್ಣಮಾಪಕವಿರಲಿ. ಬಿಸಿಮಾಡುವ ಉಪಕರಣ ಯಾವುದೇ ಆಗಲಿ ಅದಕ್ಕೆ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲವಾದರೆ ಹಾವು ಬೆಂದುಹೋಗುವ ಭಯವುಂಟು. ಗಾಳಿಯ ತೇವವು ನೂರಕ್ಕೆ 60ರ ಸುತ್ತಮುತ್ತ ಇರಲಿ. ಅಮೆರಿಕಾದ ಮನೆಗಳಲ್ಲಿ ಚಳಿಗಾಲಕ್ಕೆ ಹಚ್ಚುವ ಬಿಸಿಗಾಳಿ ಈ ತೇವವನ್ನೆಲ್ಲ ಹೀರಿಬಿಡುವುದರಿಂದ ಅದನ್ನು ಆಗಾಗ ನೋಡಬೇಕು.

ಮೂರನೆಯ ಔಷಧಿ ಎಲ್ಲಕ್ಕಿಂತ ಅಗ್ಗವಾದುದು, ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾದುದು. ಪೂರ್ತಿ ಏಳು ದಿನ ಹಾವನ್ನು ಮುಟ್ಟಕೂಡದು, ಕೂಗಿ ಕರೆಯಕೂಡದು, ಗಾಜನ್ನು ತಟ್ಟಕೂಡದು, ಊಟವನ್ನೂ ತೋರಿಸಕೂಡದು. ನೀರು ಬದಲಾಯಿಸುವುದಕ್ಕೆ ಮಾತ್ರ ಕೈಹಾಕಬೇಕು. ಹನ್ನೊಂದು ವರ್ಷದ ಹುಡುಗನಿಗೆ ಇದು ತಪಸ್ಸೇ ಸರಿ. ಆದರೆ ದಿನವೂ ಮೂತಿಯ ಬಳಿ ಇಲಿಯನ್ನು ಹಿಡಿದುದರಿಂದ ಆ ಮರಿಯು ಇಲಿಯನ್ನೇ ಶತ್ರುವೆಂದು ತಿಳಿದಿರುವ ಸಂಭವವಿದೆ. ಅದನ್ನು ಮರೆಯಲು ಅದಕ್ಕೆ ಅವಕಾಶ ಬೇಕು. ಕೈಗೆ ಏನಾದರೂ ಕೆಲಸ ಬೇಕಾದರೆ ಹುಡುಗನು ಒಂದು ಪುಸ್ತಕವನ್ನಿಟ್ಟು ಎರಡು ತುದಿಯ ಬಿಸಿಯನ್ನು ಬೆಳಿಗ್ಗೆ ಸಂಜೆ ಬರೆಯಲಿ.

ಈ ವಿರಾಮದಲ್ಲಿ ಮಾಡತಕ್ಕ ಮತ್ತೊಂದು ಕೆಲಸವುಂಟು. ಹಾವನ್ನು ಮಾರಿದವರಿಗೆ ಬರೆದು, ಅಲ್ಲಿ ಮರಿಯು ಏನನ್ನು ತಿನ್ನುತ್ತಿತ್ತು, ಎಷ್ಟು ಬಾರಿ ತಿಂದಿತು, ಜೀವಂತವಾದುದನ್ನೋ ಸತ್ತುದನ್ನೋ ಎಂದು ಕೇಳಬೇಕು. ಇಲಿ ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಹಾವಿಗೆ ಚಿಕ್ಕ ಜಾತಿಯ ಇಲಿಯ ವಾಸನೆ ಬೇರೆ, ದೊಡ್ಡ ಜಾತಿಯದು ಬೇರೆ. ಚಿಕ್ಕದನ್ನು ತಿಂದು ಅಭ್ಯಾಸವಾದ ಮರಿಯು ದೊಡ್ಡ ಜಾತಿಯ ಮರಿಯನ್ನು ಆಹಾರವೆಂದೇ ಗುರುತಿಸದಿರಬಹುದು. ಹೊಸದಾಗಿ ಕೊಳ್ಳುವವರು ಈ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೇಳಿ, ಕಡೆಯ ಪಕ್ಷ ಮೂರು ನಾಲ್ಕು ಊಟಗಳನ್ನು ತಾನಾಗಿ ತಿಂದ ಮರಿಯನ್ನೇ ತರುವುದು ಜಾಣತನ.

ಎಂಟನೆಯ ದಿನದ ಸಂಜೆ ಊಟದ ಏರ್ಪಾಡು. ತುತ್ತಿನ ತೂಕವು ಹಾವಿನ ತೂಕದ ಹತ್ತನೆಯ ಒಂದು ಪಾಲಿಗೆ ಕಡಿಮೆಯಿಲ್ಲದೆ, ನೂರಕ್ಕೆ 15ನ್ನು ಮೀರದೆ ಇರಬೇಕು. 64 ಗ್ರಾಂ ತೂಗುವ ಈ ಮರಿಗೆ ಆರೂವರೆಯಿಂದ ಒಂಬತ್ತೂವರೆ ಗ್ರಾಂ. ಅಂದರೆ ಆಗತಾನೆ ಕೂದಲು ಬಂದ ಚಿಕ್ಕ ಜಾತಿಯ ಇಲಿಮರಿ. ಅಳುಕುವ ಹಾವಿಗೆ ಚಿಕ್ಕ ತುತ್ತೇ ಮೇಲು. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿ ಮಾರುವ ಇಲಿಯನ್ನು ಹಿಂದಿನ ರಾತ್ರಿ ಮುಚ್ಚಿದ ಚೀಲದಲ್ಲಿಟ್ಟು ರೆಫ್ರಿಜರೇಟರಿನ ಕೆಳಗಣ ಅರೆಯಲ್ಲಿ ಕರಗಲು ಬಿಡಬೇಕು. ಉಣಿಸುವ ಹೊತ್ತಿಗೆ ಚೀಲಸಹಿತವಾಗಿ ಬಿಸಿನೀರಿನಲ್ಲಿ ಅದ್ದಿ 38 ಡಿಗ್ರಿಯಷ್ಟು ಬೆಚ್ಚಗೆ ಮಾಡಬೇಕು. ಮೈಕ್ರೋವೇವ್ ಒಲೆಯಲ್ಲಿ ಬಿಸಿಮಾಡಲೇಕೂಡದು. ಹೊರಗೆ ತಣ್ಣಗೆ, ಒಳಗೆ ಬೆಂದು ಒಡೆದುಹೋಗುವುದು.

ಈ ಬಿಸಿಯ ವಿಷಯದಲ್ಲಿಯೇ ಬಹುಮಂದಿ ಎಡವುವರು. ಈ ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳ ಸಾಲಿದೆ. ಕತ್ತಲೆಯಲ್ಲಿ ಬೆಚ್ಚಗಿನ ಜೀವಿಯ ಇರವನ್ನು ಅದು ಈ ಕುಳಿಗಳಿಂದಲೇ ಅರಿಯುವುದು. ತಣ್ಣಗಿರುವ ಇಲಿಯು ಅದಕ್ಕೆ ಬರಿಯ ಕಲ್ಲು. ತಲೆಯ ಭಾಗವು ಮೈಗಿಂತ ತುಸು ಬೆಚ್ಚಗಿದ್ದರೆ ಎಲ್ಲಿ ಹಿಡಿಯಬೇಕೆಂಬುದು ಹಾವಿಗೆ ತಿಳಿಯುವುದು.

ಕೋಣೆಯ ದೀಪವನ್ನು ತಗ್ಗಿಸಿ, ಉದ್ದನೆಯ ಇಕ್ಕಳದಿಂದ ಇಲಿಯ ಬಾಲವನ್ನು ಹಿಡಿದು, ಅಡಗುದಾಣದ ಬಾಗಿಲಿನ ಮುಂದೆ ಮೆಲ್ಲಗೆ ಸುಳಿದಾಡಿಸಿರಿ. ಮುಖಕ್ಕೆ ತಾಗಿಸಬೇಡಿರಿ. ಇಲಿಯು ತಾನಾಗಿ ಬಂದು ಹಾವಿನ ಮೇಲೆ ಬೀಳುವುದು ಲೋಕದಲ್ಲಿ ಎಲ್ಲಿಯೂ ಇಲ್ಲ. ಅದು ಅಡ್ಡಹಾದು ಹೋಗುತ್ತಿರಬೇಕು. ನಾಲಗೆ ಹೊರಗೆ ಬಂದು ಬೇಗ ಬೇಗ ಆಡತೊಡಗಿ, ಕುತ್ತಿಗೆ ಡೊಂಕಾದರೆ ಶುಭಸೂಚನೆ. ಐದು ನಿಮಿಷದೊಳಗೆ ಹಿಡಿಯದಿದ್ದರೆ ಇಲಿಯನ್ನು ಬಾಗಿಲಿನ ಬಳಿ ಇಟ್ಟು, ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಎಲ್ಲರೂ ಹೊರಗೆ ಬಂದುಬಿಡಬೇಕು. ಯಾರೂ ನೋಡದಿರುವಾಗ ಮಾತ್ರ ಉಣ್ಣುವ ಮರಿಗಳು ಬಹಳ. ಬೆಳಿಗ್ಗೆಯೂ ಹಾಗೆಯೇ ಬಿದ್ದಿದ್ದರೆ ಎಸೆದುಬಿಡಿರಿ, ಮತ್ತೆ ಹೆಪ್ಪುಗಟ್ಟಿಸಕೂಡದು. ಮುಂದಿನ ಪ್ರಯತ್ನ ಆರೇಳು ದಿನ ಕಳೆದ ಮೇಲೆ.

ಎರಡನೆಯ ಬಾರಿಯೂ ಒಲ್ಲೆನೆಂದರೆ ಒಂದು ಉಪಾಯವಿದೆ. ಗಾಳಿಯಾಡಲು ತೂತುಗಳಿರುವ ಬೂಟ್ಸಿನ ಪೆಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಿಯನ್ನೂ ಬೆಚ್ಚಗಿನ ಇಲಿಯನ್ನೂ ಇಟ್ಟು, ಭದ್ರವಾಗಿ ಮುಚ್ಚಿ, ಆ ಡಬ್ಬಿಯನ್ನು ದೊಡ್ಡ ಪೆಟ್ಟಿಗೆಯ ಬೆಚ್ಚಗಿನ ಭಾಗದಲ್ಲಿ ರಾತ್ರಿಯೆಲ್ಲ ಬಿಡುವುದು. ಬಿಲದಲ್ಲಿ ಇಲಿಯನ್ನು ಸಂಧಿಸಿದಂತಾಗಿ ಎಷ್ಟೋ ಮರಿಗಳು ನುಂಗಿಬಿಡುವುವು. ಜೀವಂತವಾದ ಇಲಿಯನ್ನು ಹಾವಿನೊಡನೆ ಬಿಟ್ಟು ಹೋಗುವುದು ಮಾತ್ರ ಸಲ್ಲದು. ಹಸಿದ ಇಲಿ ಹಾವನ್ನು ಕಡಿದು ತಿಂದ ನಿದರ್ಶನಗಳುಂಟು.

ಎಷ್ಟು ಕಾಲ ಕಾಯಬಹುದು? ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದು ಏನೂ ಆಗದಂತೆ ಇರಬಲ್ಲದು. ಮರಿಗೆ ಅಷ್ಟು ಕೂಡಿಟ್ಟ ಕೊಬ್ಬಿಲ್ಲ. ಆದುದರಿಂದ ಕಾಲವನ್ನು ಎಣಿಸುವುದಕ್ಕಿಂತ ತೂಕವನ್ನು ನೋಡುವುದು ಸರಿಯಾದ ಮಾರ್ಗ. ವಾರಕ್ಕೊಮ್ಮೆ, ಬೇರೆಯೇ ಆದ ತಕ್ಕಡಿಯಲ್ಲಿ (ಸೋದರಿಯವರು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರೆಂದು ಓದಿ ನಮಗೆ ಗಾಬರಿಯಾಯಿತು) ತೂಗಿ ಬರೆದಿಡಬೇಕು. ಹತ್ತರಲ್ಲಿ ಒಂದು ಪಾಲು ಕಳೆಯಿತೆಂದರೆ, ಈ ಮರಿಯ ಲೆಕ್ಕದಲ್ಲಿ 61 ಗ್ರಾಮಿಗೆ ಇಳಿಯಿತೆಂದರೆ, ಮತ್ತೆ ಕಾಯದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು. ಬಾಯಿ ತೆರೆದು ಉಸಿರಾಡುವುದು, ಮೂಗು ಬಾಯಿಗಳಲ್ಲಿ ಗುಳ್ಳೆ, ಒಸಡಿನಲ್ಲಿ ಮೊಸರಿನಂತಹ ಬಿಳುಪು, ಹುರುಪೆಗಳ ನಡುವೆ ಕಪ್ಪು ಉಣ್ಣೆಗಳು, ಬೆನ್ನೆಲುಬು ಏಣಿನಂತೆ ಎದ್ದು ಕಾಣುವುದು. ಇವುಗಳಲ್ಲಿ ಒಂದು ಕಂಡರೂ ತೂಕಕ್ಕಾಗಿ ಕಾಯಬೇಕಾಗಿಲ್ಲ.

ಇನ್ನು ಪತ್ರದ ಕೊನೆಯಲ್ಲಿ ಸೋದರಿಯವರು ಸಂಕೋಚದಿಂದ ಬರೆದ ಒಂದು ಮಾತು. ಅವರದು ಮಾಂಸ ಮುಟ್ಟದ ಮನೆತನ. ಹೆಪ್ಪುಗಟ್ಟಿದ ಇಲಿಗಳು ತುಪ್ಪ ಮೊಸರಿನ ಪಕ್ಕದಲ್ಲಿರುವುದನ್ನು ಕಂಡು ಅತ್ತೆಯವರು ಎರಡು ದಿನ ಅಡಿಗೆಮನೆಯನ್ನೇ ಹೊಗಲಿಲ್ಲವಂತೆ. ಹಾವಿಗೆ ಬೇಳೆ, ಕಾಳು, ಪನೀರುಗಳಿಂದ ಹೊಟ್ಟೆ ತುಂಬಿಸುವ ದಾರಿಯುಂಟೇ ಎಂದು ಕೇಳಿದ್ದಾರೆ. ಇಲ್ಲ. ಹಕ್ಕಿಯ ಮೊಟ್ಟೆಯನ್ನೇ ತಿಂದು ಬಾಳುವ ಹಾವೊಂದು ಆಫ್ರಿಕಾದಲ್ಲಿದೆ. ಆದರೆ ಬಾಲ್ ಪೈಥಾನ್ ಆ ಜಾತಿಯದಲ್ಲ. ಹಾವನ್ನು ಸಾಕುವವರು ಇಲಿಯ ಸಾವನ್ನು ಒಪ್ಪಿಕೊಂಡೇ ಸಾಕಬೇಕು. ಒಪ್ಪಲಾರದ ಮನೆಯವರು ಹಾವನ್ನು ತರುವ ಮೊದಲೇ ಮಗುವಿನೊಡನೆ ಆ ಮಾತನ್ನಾಡುವುದು ಧರ್ಮ. ತಂದ ಮೇಲೆ ಉಪವಾಸ ಕೆಡಹುವುದು ಅಹಿಂಸೆಯಾಗಲಾರದು. ಒಳ್ಳೆಯ ಆರೈಕೆಯಲ್ಲಿ ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕುವುದು. ಸೇಂಟ್ ಲೂಯಿಸ್ ನಗರದ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಹೆಣ್ಣು 2020ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟು ಪ್ರಾಣಿಶಾಸ್ತ್ರಜ್ಞರನ್ನು ಬೆರಗುಗೊಳಿಸಿತು. ಹುಡುಗನು ಕಾಲೇಜಿಗೆ ಹೋದ ಮೇಲೂ ಇಲಿಯನ್ನು ಕರಗಿಸುವವರು ಯಾರು ಎಂಬುದನ್ನು ಈಗಲೇ ಯೋಚಿಸಬೇಕು. ಸಾಧ್ಯವಿಲ್ಲವೆಂದು ತೋರಿದರೆ ಮಾರಿದವರಿಗೋ ಸರೀಸೃಪಗಳನ್ನು ಸಲಹುವ ಸಂಸ್ಥೆಗೋ ಒಪ್ಪಿಸಬಹುದು. ಹೊರಗೆ ಬಿಡುವುದು ಮಾತ್ರ ಕೂಡದು.

ಇಟ್ಟುಕೊಳ್ಳುವುದೇ ನಿಶ್ಚಯವಾದರೆ ಅತ್ತೆಯವರ ಮಡಿಯ ವಿಚಾರವನ್ನು ನಕ್ಕು ತಳ್ಳಿಹಾಕಬಾರದು; ವೈದ್ಯಶಾಸ್ತ್ರವೂ ಅವರ ಪಕ್ಷದಲ್ಲಿದೆ. ಹಾವಿನಿಂದಲೂ ಹೆಪ್ಪುಗಟ್ಟಿದ ಇಲಿಯಿಂದಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡುವುದು. ಹೆಪ್ಪುಗಟ್ಟಿಸಿದುದರಿಂದ ಅದು ಸಾಯುವುದಿಲ್ಲ. ಇಲಿಗಳಿಗೆ ಬೇರೆಯೇ ಒಂದು ಸಣ್ಣ ಫ್ರೀಜರ್, ಬೇರೆ ಪಾತ್ರೆ, ಬೇರೆ ಇಕ್ಕಳವಿರಲಿ. ಯಾವುದನ್ನೂ ಅಡಿಗೆಮನೆಯ ತೊಟ್ಟಿಯಲ್ಲಿ ತೊಳೆಯಕೂಡದು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳೂ 65 ದಾಟಿದ ಹಿರಿಯರೂ ಹಾವನ್ನು ಮುಟ್ಟದಿರುವುದೇ ಕ್ಷೇಮ.

ಇದನ್ನೋದಿ ನಮ್ಮ ನಾಡಿನ ಮಕ್ಕಳು ಬೇಲಿಯ ಹಾವನ್ನು ಹಿಡಿಯಲು ಹೊರಟಾರೆಂಬ ಶಂಕೆಯಿಂದ ಒಂದು ಮಾತು: ಭಾರತದ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಪರದೇಶದ ಹಾವನ್ನು ಇಟ್ಟುಕೊಳ್ಳುವುದಕ್ಕೂ ನೋಂದಣಿಯ ನಿಯಮಗಳಿವೆ. ಅಮೆರಿಕಾದಲ್ಲಿಯೂ ಎಲ್ಲ ಕಡೆ ಒಂದೇ ಕಟ್ಟಳೆಯಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ.

ಕೊನೆಗೊಂದು ರಾತ್ರಿ ಮರಿಯು ಇಲಿಯನ್ನು ಹಿಡಿಯಿತೆನ್ನೋಣ. ಮನೆಯವರೆಲ್ಲ ಓಡಿಬಂದು ದೀಪ ಹಾಕಬಾರದು. ಅರ್ಧ ನುಂಗಿದ ತುತ್ತನ್ನು ಅದು ಬಿಟ್ಟುಬಿಡಬಹುದು. ನುಂಗಿದ ಮೇಲೆ ಎರಡು ದಿನ, ಹೊಟ್ಟೆಯ ಉಬ್ಬು ಇಳಿಯುವವರೆಗೆ, ಕೈಗೆ ತೆಗೆದುಕೊಳ್ಳಬಾರದು. ಕಾರಿಕೊಂಡರೆ ಎರಡು ವಾರ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಕಾವನ್ನು ಪರೀಕ್ಷಿಸಿ, ಇನ್ನೂ ಚಿಕ್ಕ ತುತ್ತಿನಿಂದ ಆರಂಭಿಸಬೇಕು. ಕಾರದಿದ್ದರೆ ಏಳನೆಯ ದಿನ ಅದೇ ಅಳತೆಯ ಇಲಿ, ಅದೇ ಹೊತ್ತು, ಅದೇ ಕತ್ತಲೆ. ಹೀಗೆ ನಾಲ್ಕು ಊಟಗಳು ಸರಿಯಾಗಿ ನಡೆದ ಮೇಲೆ ಹುಡುಗನು ಅದನ್ನು ದಿನಕ್ಕೆ ಐದು ಹತ್ತು ನಿಮಿಷ ಕೈಯಲ್ಲಿ ಹಿಡಿಯಬಹುದು. ನಡುವೆ ಮರಿಯ ಕಣ್ಣುಗಳು ಹಾಲುನೀಲಿಯಾಗಿ ಮಸುಕಾದರೆ ಅದು ಪೊರೆ ಬಿಡುವ ಕಾಲ. ಆ ವಾರ ಉಣ್ಣದಿದ್ದರೆ ನಮಗೆ ಪತ್ರ ಬರೆಯುವ ಆವಶ್ಯಕತೆಯಿಲ್ಲ. ನೀರಿನ ಬಟ್ಟಲನ್ನು ತುಂಬಿಸಿ, ತೇವವನ್ನು ತುಸು ಹೆಚ್ಚಿಸಿ, ಪೊರೆ ಕಳಚಿದ ಎರಡು ಮೂರು ದಿನಗಳ ಮೇಲೆ ಮತ್ತೆ ಇಲಿಯನ್ನು ತೋರಿಸಿರಿ.